ಕಿಚ್ಚಿಗೆ ಹೋದ ಸ್ಟ್ರಾಬೆರಿ ಹುಲ್ಲು

ಸಿದ್ಧಾರ್ಥನಗರದ ಮನೆಯ ತಾರಸಿಯಲ್ಲಿ ಪ್ರೇಮಲೀಲಾ ಎರಡು ಪಾತಿ ಸ್ಟ್ರಾಬೆರಿ ಬೆಳೆದಿದ್ದಳು. ಚಾಮರಾಜಪುರಂನ ಬೇಕರಿಯ ನಾಗೇಂದ್ರ ಸಂಕ್ರಾಂತಿ ಕಳೆದ ಮೇಲೆ ಬಂದು ನೋಡುತ್ತೇನೆ, ಹಿಡಿಸಿದರೆ ಈ ಸೀಸನ್ನಿನ ಕೇಕಿಗೆಲ್ಲ ನಿಮ್ಮದೇ ಹಣ್ಣು ಎಂದಿದ್ದ. ತನ್ನದೇ ಅಂತ ಒಂದು ಕಸುಬು ಬೇಕೆಂದು ಅವಳು ವರ್ಷಗಳಿಂದ ಹಂಬಲಿಸಿದ್ದಳು.

ಗಾಳಿ ಬಿಸಿಲು ಆಡಿದರೆ ಹಣ್ಣು ದಪ್ಪ, ಸಿಹಿ. ಅದಕ್ಕೇ ಗಿಡದಿಂದ ಗಿಡಕ್ಕೆ ಒಂದೂವರೆ ಗೇಣು ಬಿಟ್ಟಿದ್ದಳು. ಹಣ್ಣು ಒದ್ದೆ ಮಣ್ಣಿಗೆ ತಾಗಿ ಕೊಳೆಯದಿರಲೆಂದು ಬುಡಕ್ಕೆ ಭತ್ತದ ಹುಲ್ಲು ಹಾಸಿದ್ದಳು. ಆದರೆ ಮಾವ ಶಿವಲಿಂಗಯ್ಯನವರಿಗೆ ಖಾಲಿ ಜಾಗ ಕಂಡರೆ ಕೈ ಸುಮ್ಮನಿರದು. ಸೊಸೆ ದೀಪಾವಳಿಗೆ ತವರಿಗೆ ಹೋಗಿದ್ದಾಗ ಗಿಡಗಳಿಂದ ಹಬ್ಬಿ ಬೇರು ಬಿಟ್ಟಿದ್ದ ಕುಡಿಗಳನ್ನು ಕಿತ್ತು ಒಂದು ಪಾತಿಯ ಸಂದುಗಳಿಗೆಲ್ಲ ನೆಟ್ಟುಬಿಟ್ಟರು. ಅಲ್ಲೀಗ ಎಲೆಯೋ ಎಲೆ, ಹಣ್ಣು ಮಾತ್ರ ಸಣ್ಣದು, ಹುಳಿ. ಇನ್ನೊಂದು ಪಾತಿ ಇದೆಯಲ್ಲ ಎಂದು ಪ್ರೇಮಲೀಲಾ ಹಲ್ಲು ಕಚ್ಚಿ ಅದನ್ನು ಹಾಗೇ ಬಿಟ್ಟಳು.

ಸಂಕ್ರಾಂತಿಯ ಸಂಜೆ ಬೀದಿಯಲ್ಲಿ ಹಸುಗಳಿಗೆ ಕಿಚ್ಚು ಹಾಯಿಸಿದರು. ಉರಿ ಈ ಸಲ ಚೆನ್ನಾಗಿದೆ ಎಂದು ಅವಳೂ ನಿಂತು ಸಂತೋಷಪಟ್ಟಳು. ಬೆಳಿಗ್ಗೆ ತಾರಸಿ ಹತ್ತಿದರೆ ಗಿಡಗಳ ಬುಡವೆಲ್ಲ ಬೋಳು!

“ಮಾವಾ, ಹುಲ್ಲೆಲ್ಲಿ?”

“ಕಿಚ್ಚಿಗೆ ಹುಲ್ಲು ಸಾಲ್ದಾಗಿತ್ತು ಕಣಮ್ಮ, ಕೊಟ್ಬುಟ್ಟೆ. ಒಣಹುಲ್ಲು ತಾನೆ? ಗೋವಿನ ಕೆಲ್ಸ, ಪುಣ್ಯ ಬತ್ತದೆ.”

“ಪುಣ್ಯ ನಿಮ್ಗೆ, ಕೊಳೆತ ಹಣ್ಣು ನಂಗೆ!”

ಸಿಟಿಯಲ್ಲಿ ಹುಲ್ಲೆಂದರೆ ಚಿನ್ನ. ಮೂರು ದಿನ ಅಲೆದು ಹಸು ಕಟ್ಟಿದವರನ್ನೆಲ್ಲ ಕೇಳಿದಳು, ಹಬ್ಬಕ್ಕೆ ಎಲ್ಲರದ್ದೂ ಖಾಲಿ. ಅಷ್ಟರಲ್ಲಿ ನಾಗೇಂದ್ರ ಬಂದೇಬಿಟ್ಟ. ಒಳ್ಳೆಯ ಪಾತಿಯಲ್ಲಿ ಕೆಂಪಗೆ ಹೊಳೆಯುವ ಹಣ್ಣೊಂದನ್ನು ತಿರುಗಿಸಿ ನೋಡಿದ. ಮಣ್ಣಿಗೆ ತಾಗಿದ ಕಡೆ ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಒತ್ತಾಗಿದ್ದ ಪಾತಿಯದನ್ನು ಕಚ್ಚಿ ಮುಖ ಹಿಂಡಿದ.

“ಬೇಜಾರ್ ಮಾಡ್ಕೋಬೇಡಿ ಮೇಡಂ. ಈ ಸೀಸನ್ನಿಗೆ ಬೇರೆಯವರಿಗೆ ಹೇಳ್ಬುಡ್ತೀನಿ.”

ಅವನು ಮೆಟ್ಟಿಲಿಳಿದದ್ದೇ ಪ್ರೇಮಲೀಲಾಗೆ ಅಳುವೂ ಸಿಟ್ಟೂ ಒಟ್ಟಿಗೇ ನುಗ್ಗಿ ಬಂದವು. ಒಳ್ಳೆಯದು ಮಾಡಲೆಂದೇ ಕೆಡಿಸುವವರ ಜೊತೆ ಜಗಳವಾದರೂ ಹೇಗೆ ಆಡುವುದು? ಒತ್ತಾಗಿದ್ದ ಪಾತಿಯ ಮುಂದೆ ಕುಕ್ಕರಿಸಿ, ಮಾವ ನೆಟ್ಟ ಗಿಡಗಳನ್ನು ಒಂದೊಂದಾಗಿ ಕಿತ್ತು ಹಿಂದಕ್ಕೆ ಎಸೆಯತೊಡಗಿದಳು.

“ಅಯ್ಯೋ, ಜೀವ ಇರೋ ಗಿಡ ಕಣಮ್ಮ, ಪಾಪ!” ಹಿಂದಿನಿಂದ ಮಾವನ ದನಿ ಕೇಳಿತು.

ತಿರುಗಿ ನೋಡಿದಳು. ಶಿವಲಿಂಗಯ್ಯನವರು ಮಂಡಿಯೂರಿ, ಅವಳು ಎಸೆದದ್ದನ್ನೆಲ್ಲ ಆರಿಸಿ, ಇನ್ನೊಂದು ಪಾತಿಯ ಸಂದುಗಳಲ್ಲಿ ಒತ್ತೊತ್ತಾಗಿ ನೆಡುತ್ತಿದ್ದರು.