ಸಿದ್ದಣ್ಣನ ಬಲಹೆಗಲು

ಸೊಲ್ಲಾಪುರದ ಟವೆಲ್ ವ್ಯಾಪಾರಿ ಸಿದ್ದಣ್ಣನ ಬಲಗೈ ಎಂಟು ತಿಂಗಳಿಂದ ಎದೆಯ ಮಟ್ಟ ದಾಟಿರಲಿಲ್ಲ. ಹೆಗಲು ಬಿಗಿದುಕೊಂಡಿತ್ತು. ಮೇಲಿನ ಖಾನೆಯ ಮಾಲನ್ನು ಗಿರಾಕಿಗಳಿಗೆ ಹುಬ್ಬಿನಿಂದಲೇ ತೋರಿಸುತ್ತಿದ್ದ. ತೋರಿಸಿ ತೋರಿಸಿ ಬಲಹುಬ್ಬು ಎಡಹುಬ್ಬಿಗಿಂತ ಒಂದು ಬೆರಳು ಮೇಲೇರಿ ಅಲ್ಲೇ ನಿಂತುಬಿಟ್ಟಿತು. ನಂಬದವರು ಮೊನ್ನೆ ಹೊಸದಾಗಿ ತೆಗೆಸಿದ ಅವನ ಆಧಾರ್ ಕಾರ್ಡಿನ ಫೋಟೊ ನೋಡಬಹುದು. ವ್ಯಾಪಾರವೇನೂ ನಿಲ್ಲಲಿಲ್ಲವಾದ್ದರಿಂದ ಅವನು ಔಷಧದ ಗೊಡವೆಗೆ ಹೋಗಲಿಲ್ಲ.

ಅಷ್ಟರಲ್ಲಿ ಅಕ್ಕಲಕೋಟ ತಾಲ್ಲೂಕಿನ ತಡವಳದಿಂದ ಸುದ್ದಿ ಬಂತು. ಸಿದ್ದಣ್ಣನ ಮಗ್ಗದ ಶೆಡ್ಡಿನಲ್ಲಿ ಮೂವತ್ತು ವರ್ಷ ಹತ್ತಿಯ ಧೂಳು ಕುಡಿದ ಗೆಳೆಯ ಜಟ್ಟೆಪ್ಪನ ಶ್ವಾಸಕೋಶ ಕೈಕೊಟ್ಟಿತ್ತು. ಡಾಕ್ಟರು ಹದಿನೈದು ದಿನ ಎಂದು ಹೇಳಿ ಮನೆಗೆ ಕಳಿಸಿದ್ದರು. ಸಿದ್ದಣ್ಣ ಸಿಕ್ಕ ಬಸ್ಸು ಹತ್ತಿದ.

ಹೊರಸಿನ ಮೇಲೆ ಒರಗಿದ್ದ ಜಟ್ಟೆಪ್ಪ ಗೆಳೆಯನ ಮುಖ ನೋಡಲಿಲ್ಲ, ಹೆಗಲು ನೋಡಿದ.

“ಕೈ ಎತ್ತು.”

ಎದೆಯ ತನಕ ಬಂದ ಕೈ ಅಲ್ಲೇ ನಿಂತಿತು.

“ನಿಮ್ಮಪ್ಪನ ಚಟ್ಟ ಹೊತ್ತಾಗ ಮಾತಾಗಿತ್ತಿಲ್ಲೋ? ಯಾಂವ ಮೊದಲ ಹೋಗ್ತಾನ, ಅವನ ತಲಿ ಕಡೆ ಇನ್ನೊಬ್ಬಾಂವ ಬಲಹೆಗಲ ಕೊಡಬೇಕಂತ. ನನ್ನೇನ ಹುಬ್ಬಿಲೆ ಎತ್ತಾಂವೇನು?”

“ಜಟ್ಟ್ಯಾ, ಅಂಥಾ ಮಾತ ಆಡಬ್ಯಾಡ.”

“ಆಡ್ತೀನಿ. ಹೆಗಲ ನೆಟ್ಟಗ ಮಾಡ್ಕೊಂಡ ಬಾ. ಅಲ್ಲೀತನಾ ನಾ ಹೋಗಾಂವಲ್ಲ.”

ಮರುದಿನವೇ ಸಿದ್ದಣ್ಣ ಸೊಲ್ಲಾಪುರದಲ್ಲಿ ಫಿಜಿಯೋಥೆರಪಿ ಮಾಡಿಸುವ ಪ್ರಣಿತಾಳ ಮುಂದೆ ನಿಂತ. ಗೋಡೆಯ ಮೇಲೆ ಬೆರಳುಗಳನ್ನು ಜೇಡನಂತೆ ಹತ್ತಿಸಬೇಕು. ಗಡಗಡಿಗೆ ಹಾಕಿದ ಹಗ್ಗವನ್ನು ಎಡಗೈಯಿಂದ ಜಗ್ಗಿ ಬಲಗೈಯನ್ನು ಮೇಲೆತ್ತಬೇಕು. ಅವಳು ಮರಾಠಿಯಲ್ಲಿ “ವರ ಕಾಕಾ, ಅಜೂನ ವರ” ಎಂದು ಮೇಲೆ ಮೇಲೆ ಏರಿಸುತ್ತಿದ್ದಳು. ಸಿದ್ದಣ್ಣ ಕನ್ನಡದಲ್ಲಿ “ಸತ್ತೆ” ಎನ್ನುತ್ತಿದ್ದ. ಬೆರಳು ಮುಟ್ಟಿದಲ್ಲಿ ದಿನವೂ ಪೆನ್ಸಿಲ್ ಗೆರೆ ಬೀಳುತ್ತಿತ್ತು.

ಪ್ರತಿ ರವಿವಾರ ತಡವಳಕ್ಕೆ ಹೋಗಿ ವರದಿ ಒಪ್ಪಿಸುತ್ತಿದ್ದ. ಇವತ್ತು ಗದ್ದದ ತನಕ, ಇವತ್ತು ಮೂಗಿನ ತನಕ. ಹದಿನೈದು ದಿನದ ಜಟ್ಟೆಪ್ಪ ಎರಡೂವರೆ ತಿಂಗಳು ದಾಟಿದ. ಗಡುವು ಕೊಟ್ಟ ಡಾಕ್ಟರು ಎರಡು ಸಲ ಬಂದು, ರೋಗಿಯನ್ನು ಬಿಟ್ಟು ತಮ್ಮ ಕಾಗದವನ್ನೇ ತಪಾಸಣೆ ಮಾಡಿ ಹೋದರು.

ಒಂದು ರವಿವಾರ ಜಟ್ಟೆಪ್ಪನ ಹೆಂಡತಿ ಸಾತವ್ವ ಬಸ್ ನಿಲ್ದಾಣದಲ್ಲೇ ಅವನನ್ನು ತಡೆದಳು.

“ಅಣ್ಣಾರ, ಕೈ ಕಿವೀ ತನಾ ಬಂದದಂತ?”

“ಹೂಂ ತಂಗಿ.”

“ಅಲ್ಲೇ ಬಿಡ್ರಿ. ನಿಮ್ಮ ಕಾಲ ಬೀಳ್ತೀನಿ.”

ಸಿದ್ದಣ್ಣ ವ್ಯಾಯಾಮ ಬಿಟ್ಟ. ಹನ್ನೆರಡು ದಿನ ಗೋಡೆಯ ಮೇಲೆ ಹೊಸ ಗೆರೆ ಬೀಳಲಿಲ್ಲ. ಪ್ರಣಿತಾ ಫೋನ್ ಮಾಡಿ ಕರೆಸಿದಳು. ಇದ್ದದ್ದನ್ನು ಕೇಳಿ ಮರಾಠಿ ಬಿಟ್ಟು ಕನ್ನಡಕ್ಕೆ ಇಳಿದಳು.

“ಬಿಟ್ರ ಮತ್ತ ಬಿಗೀತದ ಕಾಕಾ. ಅವರ ಜೀವ ನಿಮ್ಮ ಹೆಗಲಾಗ ಇಲ್ರಿ. ಆದ್ರ ಮಲಗಿದಾಂವ್ರನ್ನ ಎಬ್ಬಿಸಿ ಕುಂಡ್ರಿಸಿ ಕೈ ಆಡಿಸಿದ್ರ, ಉಸಿರಾಡೂದು ಹಗೂರ ಆಗ್ತದ. ಇಬ್ಬರೂ ಕೂಡೇ ಮಾಡ್ರಿ.”

ಇಬ್ಬರೂ ಕೂಡಿ ಮಾಡಿದರು. ಹೊರಸಿನ ಅಂಚಿನಲ್ಲಿ ಕಾಲು ಇಳಿಬಿಟ್ಟ ಜಟ್ಟೆಪ್ಪನ ಕೈಗಳನ್ನು ಸಿದ್ದಣ್ಣ ಎದುರಿಗೆ ಕೂತು ಹಿಡಿಯುತ್ತಿದ್ದ. ಉಸಿರು ಎಳೆದುಕೊಂಡಾಗ ನಾಲ್ಕೂ ಕೈ ಮೇಲೆ, ಬಿಟ್ಟಾಗ ಕೆಳಗೆ. ರವಿವಾರ ಬಿಟ್ಟು ಉಳಿದ ದಿನಗಳಲ್ಲಿ ಆ ಕೈಗಳನ್ನು ಸಾತವ್ವ ಹಿಡಿದಳು. ಮೂರನೆಯ ವಾರ ಜಟ್ಟೆಪ್ಪ ತನ್ನ ಕಾಲ ಮೇಲೆ ಹೊಸ್ತಿಲ ತನಕ ನಡೆದು, ಅಲ್ಲಿ ಕೂತು ಚಹಾ ಕುಡಿದ. ಕಪ್ಪು ಕೆಳಗಿಟ್ಟು ಅಂದ:

“ಇನ್ನ ನಿಂದು ತೋರಸು.”

ಸಿದ್ದಣ್ಣ ಸಾತವ್ವನ ಕಡೆ ನೋಡಿದ. ಅವಳು ಗಂಡನ ಬೆನ್ನು ಸವರುತ್ತಿದ್ದಳು. ಅಂಗಿಯ ಮೇಲೆಯೇ ಎಲುಬು ಎಣಿಸಬಹುದಿತ್ತು.

“ತೋರಸ್ರಿ ಅಣ್ಣಾರ,” ಎಂದಳು. “ದಮ್ಮ ಹಿಡದ ಹಿಡದ ಭಾಳ ದಣದಾರ.”

ಕೈ ಕಿವಿ ದಾಟಿ ನೆಟ್ಟಗೆ ಮೇಲೆ ಹೋಯಿತು. ಜಟ್ಟೆಪ್ಪ ಅದನ್ನು ಬಹಳ ಹೊತ್ತು ನೋಡಿದ.

“ಈಗ ಮನಷ್ಯಾ ಆದಿ ನೋಡು.”

ಬುಧವಾರ ಅವನು ಹೋದ.

ಮನೆಯಿಂದ ಮಣ್ಣು ಮಾಡುವ ಹೊಲದ ತನಕ ಚಟ್ಟಕ್ಕೆ ಹೆಗಲು ಬದಲಿಸಲು ಮೂರು ಸಲ ಜನ ಮುಂದೆ ಬಂದರು. ಸಿದ್ದಣ್ಣ ಬಿಡಲಿಲ್ಲ. ಎಲ್ಲ ಮುಗಿಸಿ ಮನೆಗೆ ಮರಳಿದಾಗ ಸಾತವ್ವ ಅಂಗಳದಲ್ಲಿ ಕೂತಿದ್ದಳು.

“ಹೆಗಲ ನೋವಾತೇನ್ರಿ ಅಣ್ಣಾರ?”

“ಇಲ್ಲ ತಂಗಿ.”

ಅವನು ಸುಳ್ಳು ಹೇಳಲಿಲ್ಲ. ಒಂದಿಷ್ಟೂ ನೋಯುತ್ತಿರಲಿಲ್ಲ. ಅದು ಗೊತ್ತಾದ ಮೇಲೆಯೇ ಅವನಿಗೆ ಅಳು ಬಂದದ್ದು.