ಬಟ್ಟಲು ತೋಟದ ಬಸವನಹುಳು ಸರ

ಮಾರ್ಚ್ ತಿಂಗಳ ಕೊನೆಯ ಭಾನುವಾರ ಚರ್ಚಿನಿಂದ ಮರಳಿದ ರೆಮಿ ತನ್ನ ಮನೆಯ ಗೇಟಿನ ಮುಂದೆ ಗರಬಡಿದವನಂತೆ ನಿಂತ. ಕಬ್ಬಿಣದ ಸರಳಿಗೆ ಬಸವನಹುಳುವಿನ ಚಿಪ್ಪುಗಳ ಸರವೊಂದು ತೂಗಾಡುತ್ತಿತ್ತು. ಚಳಿಗಾಲ ಕಳೆಯುವಷ್ಟರಲ್ಲಿ ಊರಿನವರೆಲ್ಲ ದ್ರಾಕ್ಷಿ ಬಳ್ಳಿಯ ಹಳೆಯ ಕಡ್ಡಿ ಕತ್ತರಿಸಿ, ಸವರಿ ಮುಗಿಸಿರಬೇಕು. ಯಾರ ತೋಟ ಇನ್ನೂ ಕೂದಲು ಕೆದರಿಕೊಂಡು ನಿಂತಿರುತ್ತದೋ ಅವರ ಗೇಟಿಗೆ ಮುದುಕ ಬರ್ತೆಲೋ ನಿಧಾನಗಾರರ ಗುರುತಾಗಿ ಈ ಸರ ಕಟ್ಟಿ ಹೋಗುತ್ತಾನೆ. ಆಮೇಲೆ ವರ್ಷವಿಡೀ ಬೇಕರಿಯಲ್ಲಿ, ಕೆಫೆಯಲ್ಲಿ, ಸತ್ತವರ ಮನೆಯಲ್ಲಿ ಕೂಡ ಅದೇ ನಗು. ರೆಮಿಯ ಮನೆತನಕ್ಕೆ ಅಜ್ಜನ ಕಾಲದಿಂದಲೂ ಈ ಸರ ಬಂದದ್ದಿಲ್ಲ. ಬದಲಿಗೆ, ಬೇರೆಯವರ ಗೇಟಿನ ಮುಂದೆ ನಿಂತು ಅತಿ ಜೋರಾಗಿ ನಕ್ಕವರು ಇವರೇ.

"ಸೊಲಾಂಜ್, ಬಾರೇ ಇಲ್ಲಿ. ನಿಂಗೆ ಒಡವೆ ಬಂದಿದೆ," ಎಂದು ತಂಗಿಯನ್ನು ಕರೆದ.

ಸೊಲಾಂಜ್ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಐವತ್ತೈದು ದಾಟಿದ ಹೆಂಗಸು, ಅಣ್ಣನಿಗಿಂತ ಒಂದು ಗೇಣು ಎತ್ತರ. ಸರವನ್ನು ಬೆರಳಲ್ಲಿ ಆಡಿಸಿ ನೋಡಿದಳು.

"ಚೆನ್ನಾಗಿದೆ. ಬಿಚ್ಚಬೇಡ, ಇರ್ಲಿ."

"ಇರ್ಲಿ ಅಂತೀಯಲ್ಲ, ಮನೆ ಮರ್ಯಾದೆ ನೇತಾಡ್ತಿದೆ ಕಣೇ."

"ನೇತಾಡ್ಲಿ. ಗಾಳಿ ಆಡುತ್ತೆ."

ಇಷ್ಟಕ್ಕೆಲ್ಲ ಕಾರಣ ಬಟ್ಟಲು ತೋಟ. ಗುಡ್ಡದ ಇಳಿಜಾರಿನ ಬಳ್ಳಿಗಳಿಗೆ ಯಾವ ತೊಂದರೆಯೂ ಇರಲಿಲ್ಲ. ಆದರೆ ಫ್ರಾನ್ಸಿನ ಲ್ವಾರ್ ನದಿಯ ಕಡೆಗೆ ಇಳಿಯುವಲ್ಲಿ ನೆಲ ಬಟ್ಟಲಿನಂತೆ ತಗ್ಗಾಗಿತ್ತು. ಅಲ್ಲಿ ಇವರದೂ ಸೇರಿ ಊರಿನ ಹಲವರ ತೋಟದ ಪಟ್ಟಿಗಳಿದ್ದವು. ವಸಂತದಲ್ಲಿ ತಣ್ಣನೆಯ ಗಾಳಿ ನೀರಿನ ಹಾಗೆ ಹರಿದು ಬಂದು ಅಲ್ಲೇ ನಿಲ್ಲುತ್ತಿತ್ತು, ಎಳೆ ಚಿಗುರೆಲ್ಲ ಹಿಮಕ್ಕೆ ಸುಟ್ಟು ಹೋಗುತ್ತಿತ್ತು. ಎರಡು ವರ್ಷದಿಂದ ಬಟ್ಟಲಲ್ಲಿ ಒಂದು ಬುಟ್ಟಿ ಹಣ್ಣೂ ಸಿಕ್ಕಿರಲಿಲ್ಲ. ರೆಮಿಗೆ ರೋಸಿಹೋಗಿತ್ತು. ಈ ಸಲವೂ ಸುಟ್ಟರೆ ಬಳ್ಳಿಯೆಲ್ಲ ಬುಡಸಮೇತ ಕೀಳಿಸುತ್ತೇನೆ, ನೀನು ಬಾಯಿ ತೆಗೆಯಬಾರದು ಎಂದಿದ್ದ. ಆ ಬಳ್ಳಿಗಳನ್ನು ಸೊಲಾಂಜ್ ಹದಿನಾರರ ಹುಡುಗಿಯಾಗಿದ್ದಾಗ ತಾಯಿಯ ಜೊತೆ ಮಂಡಿಯೂರಿ ನೆಟ್ಟಿದ್ದಳು. ತಾಯಿ ಹೋಗಿ ಬಹಳ ಕಾಲವಾಗಿತ್ತು. ಸೊಲಾಂಜ್ ಒಪ್ಪಿಕೊಂಡಳು, ಒಂದೇ ಷರತ್ತಿನ ಮೇಲೆ: ಅಲ್ಲಿಯವರೆಗೆ ಬಟ್ಟಲಿಗೆ ಅವಳೊಬ್ಬಳೇ ಯಜಮಾನಿ.

ಅವಳ ತಲೆಗೆ ಒಂದು ಹುಳ ಹೊಕ್ಕಿತ್ತು. ಹಿಂದಿನ ವರ್ಷ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಗೋಡೆ ಪಕ್ಕದ ಕೊನೆಯ ಸಾಲು ಸವರದೆ ಹಾಗೇ ಉಳಿದಿತ್ತು. ಹಿಮ ಬಿದ್ದಾಗ ಬಟ್ಟಲೆಲ್ಲ ಬೂದಿಯಾಯಿತು, ಆ ಒಂದು ಸಾಲಿನಲ್ಲಿ ಮಾತ್ರ ನಾಲ್ಕಾರು ಗೊಂಚಲು ತೂಗಿದವು. ಗೋಡೆಯ ಬಿಸಿಗೆ ಉಳಿದಿದೆ ಎಂದು ರೆಮಿ ತೀರ್ಪು ಕೊಟ್ಟ. ಸೊಲಾಂಜ್ ಹೂಂಗುಟ್ಟಿದಳು, ನಂಬಲಿಲ್ಲ. ಗೋಡೆ ಪ್ರತಿ ವರ್ಷವೂ ಅಲ್ಲೇ ಇತ್ತಲ್ಲ.

ಈ ವರ್ಷ ಅವಳು ಬಟ್ಟಲಿಗೆ ಕತ್ತರಿಯನ್ನೇ ಇಳಿಸಲಿಲ್ಲ. ಏಪ್ರಿಲ್ ಬಂತು. ಅಕ್ಕಪಕ್ಕದವರ ಬಳ್ಳಿಗಳು ಕ್ಷೌರ ಮಾಡಿಸಿಕೊಂಡು ಅಚ್ಚುಕಟ್ಟಾಗಿ ಚಿಗುರಿದವು. ಅವಳ ಬಳ್ಳಿಗಳು ಹಳೆಯ ಉದ್ದನೆಯ ಕಡ್ಡಿಗಳನ್ನು ಹೊತ್ತುಕೊಂಡು, ತುದಿಗಳಲ್ಲಿ ಮಾತ್ರ ಹಸಿರು ಬಿಟ್ಟುಕೊಂಡು ನಿಂತವು. ಬರ್ತೆಲೋ ಬೇಲಿಯಾಚೆಯಿಂದ ಕೂಗಿ ಕೇಳುತ್ತಿದ್ದ: "ಏನಮ್ಮ ಸೊಲಾಂಜ್, ದ್ರಾಕ್ಷಿ ಬೆಳೀತೀಯೋ, ಹಕ್ಕಿ ಗೂಡು ಕಟ್ಟಿಸ್ತೀಯೋ?"

"ಎರಡೂ ಮಾವ. ನಿಮಗೊಂದು ಗೂಡು ಇಡ್ಲಾ?"

ಹಾಗೆ ಬಾಯಿ ಕೊಡುತ್ತಿದ್ದಳೇನೋ ಸರಿ, ಒಳಗೊಳಗೆ ಅವಳಿಗೂ ಗೊತ್ತಿತ್ತು: ಲೆಕ್ಕ ತಪ್ಪಿದರೆ ತಾಯಿಯ ಬಳ್ಳಿಗಳಿಗೆ ತಾನೇ ಗುಂಡಿ ತೋಡಿದಂತೆ.

ಏಪ್ರಿಲ್ ಕೊನೆಯಲ್ಲಿ ಆಕಾಶ ತೊಳೆದಿಟ್ಟ ಹಾಗೆ ಸ್ವಚ್ಛವಾಯಿತು. ಆ ಊರಿನಲ್ಲಿ ವಸಂತದ ಸ್ವಚ್ಛ ಸಂಜೆ ಕಂಡರೆ ಯಾರಿಗೂ ಖುಷಿಯಾಗುವುದಿಲ್ಲ, ಮೋಡವಿಲ್ಲದ ರಾತ್ರಿಯೇ ಹಿಮ ಬೀಳುವುದು. ಎಲ್ಲರೂ ಹುಲ್ಲು, ಮೇಣದ ಡಬ್ಬಿ ಹೊತ್ತು ಬಟ್ಟಲಿಗೆ ಇಳಿದು ಚಿಗುರನ್ನು ಬೆಚ್ಚಗಿಡಲು ಸಾಲುಗಳ ನಡುವೆ ಬೆಂಕಿ ಹಾಕಿದರು. ರೆಮಿ ಕೂಡ ನೆರೆಯವರಿಗೆ ನೆರವಾಗಲು ಹೋದ. ಸೊಲಾಂಜ್ ಹೋಗಿ ಮಲಗಿಕೊಂಡಳು. ನಿದ್ದೆ ಬಂತು ಎಂದು ಆಮೇಲೆ ಊರಿಗೆಲ್ಲ ಹೇಳಿದಳು, ಅದು ಶುದ್ಧ ಸುಳ್ಳು.

ಬೆಳಗಾದಾಗ ಇಳಿದು ಹೋದಳು. ಬಟ್ಟಲು ಹೊಗೆಯಲ್ಲಿ ಮುಳುಗಿತ್ತು. ಬೆಂಕಿ ಯಾರನ್ನೂ ಕಾಪಾಡಿರಲಿಲ್ಲ. ಅಚ್ಚುಕಟ್ಟಾದ ಸಾಲುಗಳ ಚಿಗುರೆಲ್ಲ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿತ್ತು. ಅವಳ ಸಾಲುಗಳ ತುದಿಗಳೂ ಹಾಗೇ ಕಪ್ಪಾಗಿದ್ದವು. ಮುಖಕ್ಕೆ ಮಸಿ ಮೆತ್ತಿಕೊಂಡು ನಿಂತಿದ್ದ ರೆಮಿ ಈ ಸಲ ಗೇಲಿ ಮಾಡಲಿಲ್ಲ.

"ಹೋಯ್ತು ಕಣೇ," ಎಂದ ಮೆಲ್ಲಗೆ. "ಅಮ್ಮನ ಬಳ್ಳಿ ಅಂತ ನಂಗೂ ಆಸೆ ಇತ್ತು. ಮನೆಗೆ ನಡಿ."

ಅವಳಿಗೆ ಅಳು ಬಂತು. ಆದರೂ ನಡೆಯಲಿಲ್ಲ. ಮೊದಲ ಬಳ್ಳಿಯ ಮುಂದೆ ಮಂಡಿಯೂರಿ, ತುದಿಯ ಕಪ್ಪನ್ನು ಬಿಟ್ಟು ಕಡ್ಡಿಯ ಬುಡದಲ್ಲಿ ಬೆರಳಾಡಿಸಿದಳು. ಚಿಗುರು ಹೊರಡುವ ಕಣ್ಣುಗಳಲ್ಲಿ ಮೇಲಿನವು ಮೊದಲು ಒಡೆದು ರಸವನ್ನೆಲ್ಲ ಎಳೆದುಕೊಂಡಿದ್ದವು. ಬುಡದ ಕಣ್ಣುಗಳು ಕಂದು ಸಿಪ್ಪೆ ಹೊದ್ದು, ಹತ್ತಿಯಂಥ ತುಪ್ಪಳದಲ್ಲಿ ಇನ್ನೂ ಗಾಢ ನಿದ್ದೆಯಲ್ಲಿದ್ದವು. ಜೇಬಿನಿಂದ ಕತ್ತರಿ ತೆಗೆದಳು. ಕಚಕ್. ಸುಟ್ಟ ಕಡ್ಡಿ ನೆಲಕ್ಕೆ ಬಿತ್ತು, ಕೊಯ್ದ ಜಾಗದಿಂದ ನೀರು ತೊಟ್ಟಿಕ್ಕಿತು. ಬುಡದ ಒಂದು ಕಣ್ಣನ್ನು ಉಗುರಿನಿಂದ ಸೀಳಿ ಅಣ್ಣನ ಮುಂದೆ ಹಿಡಿದಳು. ಒಳಗೆ ಹಚ್ಚ ಹಸಿರು.

"ಹಿಮ ಸುಟ್ಟಿದ್ದು ಯಾವುದನ್ನ ಹೇಳು? ನಾನು ಹೇಗೂ ಕತ್ತರಿಸಿ ಬಿಸಾಡ್ತಿದ್ದ ಭಾಗಾನ."

ರೆಮಿ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ಬರ್ತೆಲೋ ಬೇಲಿ ದಾಟಿ ಬಂದು ಕನ್ನಡಕ ಏರಿಸಿ ನೋಡಿದ. ಅವರ ಆ ನೋಟ ಸೊಲಾಂಜಳಿಗೆ ಯಾವ ಚಪ್ಪಾಳೆಗಿಂತಲೂ ಸಿಹಿಯಾಗಿತ್ತು, ಅವಳು ಅದನ್ನು ಸಾವಕಾಶವಾಗಿ ಸವಿದಳು.

"ಅಲ್ಲಮ್ಮ," ಎಂದ ಬರ್ತೆಲೋ ಕೊನೆಗೆ. "ಇಷ್ಟು ತೋಟಾನ ನೀನೊಬ್ಳೇ ಯಾವಾಗ ಸವರಿ ಮುಗಿಸ್ತೀಯ? ಅಷ್ಟರಲ್ಲಿ ಬುಡದ ಕಣ್ಣು ಎದ್ದುಬಿಟ್ರೆ, ಕಡ್ಡಿ ಎಳೆಯೋವಾಗ ಎಳೆ ಚಿಗುರೂ ಮುರಿದು ಕೆಲಸ ಕೆಟ್ಟಿತು."

ಅದೇ ಅವಳಿಗೂ ಗೊತ್ತಿರಲಿಲ್ಲ. ಚಳಿಗಾಲ ಪೂರ್ತಿ ಹರಡಿಕೊಳ್ಳುವ ಕೆಲಸ ಈಗ ಒಂದು ವಾರದಲ್ಲಿ ಮುಗಿಯಬೇಕಿತ್ತು.

"ನಮ್ಮಲ್ಲಂತೂ ಸವರೋಕೆ ಏನೂ ಉಳಿದಿಲ್ಲ," ಎಂದು ಮುದುಕ ಮುಖ ಬೇರೆ ಕಡೆ ತಿರುಗಿಸಿದ. "ಕತ್ತರಿ ತರ್ತೀನಿ."

ಸಂಜೆಯೊಳಗೆ ಅರ್ಧ ಊರು ಬಟ್ಟಲಲ್ಲಿತ್ತು. ಗೇಟಿನ ಮುಂದೆ ನಕ್ಕವರೇ ಬಗ್ಗಿ ಬಗ್ಗಿ ಕಡ್ಡಿ ಕೊಯ್ದರು, ಅವರ ಹೆಂಡಿರು ಕೊಯ್ದದ್ದನ್ನು ಕಂತೆ ಕಟ್ಟಿದರು. ಯಜಮಾನಿ ಸಾಲಿನಿಂದ ಸಾಲಿಗೆ ಓಡಾಡಿ ಬೈದಳು: "ಅಷ್ಟು ಮೇಲಲ್ಲ, ಕೆಳಗೆ ಬಾ. ಸತ್ತದ್ದರ ಮೇಲೆ ಯಾಕೆ ಮೋಹ?" ಆ ವಾರವಿಡೀ ಮಧ್ಯಾಹ್ನ ಆಡಿನ ಹಾಲಿನ ಚೀಸು, ರೊಟ್ಟಿ, ಕೊಬ್ಬಿನಲ್ಲಿ ಬೇಯಿಸಿ ನುರಿದ ಹಂದಿಮಾಂಸದ ರಿಯೆತ್ ಕೊಟ್ಟಳು. ರೆಮಿ ಎದುರು ತುದಿಯಿಂದ ಶುರು ಮಾಡಿ ಬರುತ್ತಿದ್ದ. ಗೋಡೆ ಪಕ್ಕದ ಕೊನೆಯ ಸಾಲಿನ ನಡುವೆ ಅಣ್ಣ ತಂಗಿ ಎದುರುಬದುರಾದರು.

"ಗೋಡೆ ಬಿಸಿ ಅಲ್ಲ ಅನ್ನು," ಎಂದ.

"ಅಲ್ಲ."

"ಮೊದಲೇ ಹೇಳಬಾರ್ದಿತ್ತಾ?"

"ಹೇಳಿದ್ದೆ. ನೀನು ಮಾತಾಡ್ತಾ ಇದ್ದೆ."

ಹಣ್ಣು ತಡವಾಗಿ ಬಂತು. ಗುಡ್ಡದ ಕೊಯ್ಲು ಮುಗಿದ ಮೇಲೂ ಸೊಲಾಂಜ್ ಬಟ್ಟಲನ್ನು ಮುಟ್ಟಗೊಡಲಿಲ್ಲ. ಕೊನೆಗೆ ಅಕ್ಟೋಬರಿನ ಬಂಗಾರದ ಬಿಸಿಲಲ್ಲಿ ಕೊಯ್ದರು. ಆ ವರ್ಷ ಇಡೀ ಬಟ್ಟಲಲ್ಲಿ ಹಣ್ಣು ಬಿಟ್ಟದ್ದು ಅವಳ ಬಳ್ಳಿ ಮಾತ್ರ. ಕೊಯ್ಲಿನ ಕೊನೆಯ ಗಾಡಿಗೆ ಹೂ ಕಟ್ಟುವುದು ಎಲ್ಲರೂ ಮಾಡುವುದೇ. ಸೊಲಾಂಜ್ ಡೇಲಿಯಾ ಹೂಗಳ ನಡುವೆ ಬಸವನಹುಳುವಿನ ಸರವನ್ನೂ ಕಟ್ಟಿ, ಗಾಡಿಯ ಮೇಲೆ ರಾಣಿಯಂತೆ ಕುಳಿತು, ಬೇಕೆಂದೇ ಬೇಕರಿ ಬೀದಿಯಲ್ಲಿ ಸುತ್ತುಹಾಕಿಸಿ ಮನೆಗೆ ಬಂದಳು. ಜನ ಬಾಗಿಲಿಗೆ ಬಂದು ಲೋಟ ಎತ್ತಿದರು. ಅವಳಿಗೆ ಖುಷಿ ಮುಚ್ಚಿಡುವ ಮನಸ್ಸೇ ಇರಲಿಲ್ಲ.

ಮುಂದಿನ ಮಾರ್ಚ್ ಕೊನೆಯ ಭಾನುವಾರ ಬರ್ತೆಲೋ ಇವರಿಂದ ಮರಳಿ ಪಡೆದ ಅದೇ ಸರ ಹಿಡಿದುಕೊಂಡು ಬೀದಿಯಲ್ಲಿ ಗೇಟಿನಿಂದ ಗೇಟಿಗೆ ಅಲೆಯುತ್ತಿದ್ದ. ಬಟ್ಟಲಲ್ಲಿ ಒಬ್ಬರ ಪಟ್ಟಿಯೂ ಸವರಿರಲಿಲ್ಲ, ಅವನದೂ ಸೇರಿ. ಎಲ್ಲರ ಬಳ್ಳಿಗಳೂ ಕೂದಲು ಕೆದರಿಕೊಂಡು ನಿಂತಿದ್ದವು.

"ಈಗ ಇದನ್ನ ಯಾರಿಗೆ ಕಟ್ಟೋದಪ್ಪ?" ಎಂದು ರೆಮಿಯ ಮುಂದೆ ತಲೆ ಕೆರೆದುಕೊಂಡ.

ರೆಮಿ ಸರವನ್ನು ಅವನ ಕೈಯಿಂದ ಇಸಕೊಂಡ. ಗೇಟಿನ ಸರಳಿಗೆ ತಾನೇ ಬಿಗಿಯಾಗಿ ಎರಡು ಗಂಟು ಹಾಕಿದ.

"ಇದು ನಮ್ಮ ಮನೇದು ಮಾವ," ಎಂದ. "ನಮ್ಮ ಸೊಲಾಂಜ್ ಗೆದ್ದು ತಂದಿದ್ದು. ಬೇರೆ ಯಾರಿಗೂ ಕೊಡೋ ಹಾಗಿಲ್ಲ."