ನೀಲಗಂಗವ್ವನ ಹಣೆ ಒರೆಸಿದ ಮೌಸ್

ಶಿವಲೀಲಾ ಪಾಸ್‌ಪೋರ್ಟ್ ಫೋಟೊಗಳನ್ನು ಕತ್ತರಿಸುತ್ತಿದ್ದಳು. ಎಂಟರ ಹಾಳೆಯಲ್ಲಿ ಐದು ಮುಗಿದಿದ್ದವು. ಆಗ ಗಂಡ ರುದ್ರಪ್ಪ, ಪ್ಲಾಸ್ಟರ್ ಹಾಕಿದ ಬಲಗೈಯನ್ನು ಕೊರಳಿಗೆ ಕಟ್ಟಿಕೊಂಡು ಬಂದು, "ಕತ್ರಿ ಇಡು. ಇವತ್ತ ಕಂಪ್ಯೂಟರ್ ಮುಂದ ನೀನ ಕೂಡಬೇಕು," ಎಂದ. ಅವಳು ಉಳಿದ ಮೂರನ್ನೂ ಕತ್ತರಿಸಿಯೇ ಎದ್ದಳು. ಸೆರಗಿಗೆ ಕೈ ಒರೆಸಿಕೊಂಡು ನನ್ನ ಬೆನ್ನ ಮೇಲೆ ಇಟ್ಟಳು, ಹಸುಗೂಸನ್ನು ಮುಟ್ಟುವಷ್ಟು ಹಗುರವಾಗಿ.

ನಾನು ಒಂದು ಮೌಸ್. ದೂರದ ಕಾರ್ಖಾನೆಯೊಂದರಲ್ಲಿ ನನಗೆ ಒತ್ತಲು ಎರಡು ಕಿವಿ, ಒಂದು ಬಾಲ ಅಂಟಿಸಿ, ಹೊಟ್ಟೆಯೊಳಗೆ ಕೆಂಪು ದೀಪ ಇಟ್ಟರು. ಮೊದಲು ಗದಗಿನ ಟೈಪಿಂಗ್ ಕ್ಲಾಸಿನಲ್ಲಿದ್ದೆ. ಮೂರು ವರ್ಷ ಹೊಸಬರ ಬೆವರಿದ ಬೆರಳುಗಳನ್ನು ಹೊತ್ತೆ. ಕ್ಲಾಸು ಮುಚ್ಚಿದಾಗ ಲಕ್ಷ್ಮೇಶ್ವರದ ರುದ್ರಪ್ಪನ ಸ್ಟುಡಿಯೋಕ್ಕೆ ಬಂದೆ. ನನಗೆ ಎರಡು ದೇಹ. ಒಂದು ಮೇಜಿನ ಮೇಲೆ ಹರಿದಾಡುತ್ತದೆ, ಇನ್ನೊಂದು ಬಾಣವಾಗಿ ಪರದೆಯ ಮೇಲೆ ಓಡುತ್ತದೆ. ರುದ್ರಪ್ಪನ ಕೈ ಭಾರ, ಚುರುಕು. ಬನಿಯನ್ನಿನಲ್ಲಿ ಬಂದವರಿಗೂ ಕೋಟು ತೊಡಿಸಿ ಕಳಿಸುತ್ತಿದ್ದ.

ಹದಿನೈದು ವರ್ಷ ಶಿವಲೀಲಾ ಫೋಟೊ ಕತ್ತರಿಸಿದಳು, ಅವಕ್ಕೆ ಗಾಜಿನ ಕಟ್ಟು ಹಾಕಿದಳು. ಪರದೆಯನ್ನು ಅವನ ಹೆಗಲ ಮೇಲಿಂದ ನೋಡಿದ್ದೇ ಹೊರತು ನನ್ನನ್ನು ಮುಟ್ಟಿರಲಿಲ್ಲ. ಮುಟ್ಟಬೇಕೆಂಬ ಆಸೆ ಎಷ್ಟಿತ್ತೆಂದು ಮೊದಲ ದಿನವೇ ಅವಳ ಬೆರಳಿನಿಂದ ನನಗೆ ತಿಳಿಯಿತು.

"ಒಂದ್ ಕೆಲಸ ಕೆಟ್ಟರೂ ಕಂಪ್ಯೂಟರ್ ಮುಚ್ಚಿ ಒಳಗ ಹೋಗೂದು," ಎಂದು ರುದ್ರಪ್ಪ ಮೊದಲೇ ಹೇಳಿದ್ದ.

ಮೊದಲ ವಾರ ಅವಳು ನನ್ನನ್ನು ಮೇಜಿನ ಅಂಚಿನ ತನಕ ಎಳೆದು, "ಜಾಗಾ ಮುಗೀತ್ರೀ!" ಎಂದು ಕೂಗುತ್ತಿದ್ದಳು. "ಎತ್ತಿ ಈಚೀಗಿ ಇಡಬೇಕ!" ಎಂದು ಅವನು ತಲೆ ಚಚ್ಚಿಕೊಳ್ಳುತ್ತಿದ್ದ. ಫೋಟೊ ಓರೆಯಾಗಿದ್ದರೆ ನೇರ ಮಾಡುವುದು, ಅಂಚು ಕತ್ತರಿಸುವುದು, ಬೆಳಕು ಹೆಚ್ಚಿಸುವುದು ಒಂದೊಂದಾಗಿ ಬಂದವು. ಕಲೆ ತೆಗೆಯುವ ಕುಂಚ ಸಿಕ್ಕ ದಿನ ಮಾತ್ರ ಅವಳಿಗೆ ಹಬ್ಬ. ಕಲೆಯ ಮೇಲೆ ನನ್ನನ್ನು ಒಮ್ಮೆ ಒತ್ತಿದರೆ ಸಾಕು, ಸುತ್ತಲ ಚರ್ಮವೇ ಹರಡಿಕೊಂಡು ಕಲೆಯನ್ನು ಮುಚ್ಚುತ್ತಿತ್ತು. ಆ ಸಂಜೆ ಊರಿನ ಅರ್ಧ ಜನರ ಮೊಡವೆ ಮಾಯವಾದವು.

ಆಗಲೇ ಮುರಿಗೆಪ್ಪ ಮಾಸ್ತರರ ಫೋಟೊ ಬಂತು. ಮದುವೆಯಾಗಿ ಐವತ್ತು ವರ್ಷವಾದದ್ದಕ್ಕೆ ಮಕ್ಕಳು ಸಮಾರಂಭ ಇಟ್ಟುಕೊಂಡಿದ್ದರು. ಅಂದಿನ ಕಪ್ಪು ಬಿಳುಪು ಚಿತ್ರವನ್ನು ದೊಡ್ಡದು ಮಾಡಿಕೊಡಬೇಕು. ಇದ್ದ ಒಂದೇ ಪ್ರತಿಗೆ ಬೂಷ್ಟು ಹಿಡಿದು ಮೈಯೆಲ್ಲಾ ಕಪ್ಪು ಚುಕ್ಕೆ. ಅದನ್ನು ಸ್ಕ್ಯಾನ್ ಮಾಡಿ ಶಿವಲೀಲಾ ಎಷ್ಟು ಹಿಗ್ಗಿಸಿಕೊಂಡಳೆಂದರೆ ಪರದೆಯಲ್ಲಿ ಮುಖ ಉಳಿಯಲಿಲ್ಲ, ಚುಕ್ಕೆಗಳಷ್ಟೇ ಉಳಿದವು. ನಾನು ಒಂದೊಂದನ್ನೂ ಒರೆಸಿದೆ. ನನಗೂ ಖುಷಿಯೇ.

ಮರುದಿನ ಮಾಸ್ತರರು ಹೆಂಡತಿ ನೀಲಗಂಗವ್ವನೊಡನೆ ಬಂದರು. ಕಟ್ಟು ಹಾಕಿದ ಫೋಟೊವನ್ನು ನೀಲಗಂಗವ್ವ ಮಡಿಲಲ್ಲಿಟ್ಟುಕೊಂಡು ನೋಡಿದಳು. ನೋಡುತ್ತಲೇ ಇದ್ದಳು. ಮದುಮಗಳ ಹಣೆ ಬರಿದಾಗಿತ್ತು. ಕುಂಕುಮವೂ ಕಪ್ಪು ಚುಕ್ಕೆಯೇ ಅಲ್ಲವೇ? ಬೂಷ್ಟಿನ ಜೊತೆ ಅದನ್ನೂ ಒರೆಸಿಬಿಟ್ಟಿದ್ದೆವು.

ಮಾಸ್ತರರು ಕನ್ನಡಕ ಏರಿಸಿ ಬಗ್ಗಿ ನೋಡಿದರು. "ನಾ ಇನ್ನೂ ಉಸಿರಾಡಾಕತ್ತೀನವಾ. ಭಾಳ ಅವಸರ ಮಾಡೀರಿ," ಎಂದರು.

ಯಾರೂ ನಗಲಿಲ್ಲ. ಶಿವಲೀಲಾ ನನ್ನ ಮೇಲಿಂದ ಕೈ ತೆಗೆದಳು.

"ಕೆಲಸ ಕೆಟ್ಟರ ಒಳಗ ಅಂತ ಮೊದಲ ಹೇಳಿದ್ದೆ!" ರುದ್ರಪ್ಪ ಸಿಡಿದ. "ಏಳು ಅಲ್ಲಿಂದ. ನಾ ಎಡಗೈಲೇ ಒಂದ್ ಕರೀ ಗುಂಡು ಬರದು ಕೊಡ್ತೀನಿ."

"ಗುಂಡು ಬ್ಯಾಡ್ರೀ," ನೀಲಗಂಗವ್ವ ತಲೆ ಎತ್ತಿದಳು. "ನಮ್ಮವ್ವ ಅಳಕೋತ ಹಚ್ಚಿದ್ದು, ಅದು ಗುಂಡಗ ಇರಲಿಲ್ಲ. ಆಕೀನ್ನ ಬೈಬ್ಯಾಡ್ರಿ. ಆಕೀನ ಮತ್ತ ಮಾಡ್ಲಿ. ನಾ ಬಾಜೂಕ ಕೂಡ್ತೀನಿ."

ಶಿವಲೀಲಾ ಹಳೆಯ ಪ್ರತಿಯನ್ನು ಮತ್ತೆ ಸ್ಕ್ಯಾನ್ ಮಾಡಿದಳು. ಈ ಸಲ ಮೊದಲು ಚಿತ್ರದ ಮೇಲೆ ಅದರದೇ ನಕಲಿನ ಪದರವೊಂದನ್ನು ಹಾಸಿಕೊಂಡಳು. ಕೈ ತಪ್ಪಿದರೂ ಅಡಿಯಲ್ಲಿ ಮೂಲ ಹಾಗೇ ಇರುತ್ತದೆ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಪೆಟ್ಟು ತಿಂದು ಕಲಿತದ್ದು. ಹಣೆಯ ಓರೆ ಕುಂಕುಮವನ್ನು ಮುಟ್ಟದೆ, ಉಳಿದ ಪ್ರತಿ ಚುಕ್ಕೆಯ ಮುಂದೆಯೂ ನನ್ನನ್ನು ನಿಲ್ಲಿಸಿದಳು.

"ಇದೇನು, ಅಕ್ಕಾರ?"

"ಅದು ಬೂಷ್ಟು, ತಗಿ."

"ಇದು?"

"ನನ್ನ ಮಚ್ಚಿ. ಇರಲಿ ಬಿಡು."

"ಗಲ್ಲದ ಮ್ಯಾಲಿಂದು?"

ನೀಲಗಂಗವ್ವ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. "ಅಯ್ಯ ಶಿವನ! ದೃಷ್ಟಿ ಬೊಟ್ಟು! ನಮ್ಮ ಅಜ್ಜಿ ಕಾಡಿಗಿ ಇಟ್ಟಿದ್ಲು. ಮರತ ಹೋಗಿತ್ತು ನೋಡು." ಅವಳ ಬೆರಳು ತನ್ನ ಸುಕ್ಕುಗಟ್ಟಿದ ಕೆನ್ನೆಗೆ ಹೋಯಿತು.

"ನನ್ನ ಮೀಸಿ ಒಂದೀಟು ದಪ್ಪ ಮಾಡವಾ," ಮಾಸ್ತರರು ಹಿಂದಿನಿಂದ ಅರ್ಜಿ ಹಾಕಿದರು.

"ಇದ್ದಷ್ಟ ಇರಲಿ," ಎಂದಳು ಹೆಂಡತಿ.

ಈಗ ಎಲ್ಲರೂ ನಕ್ಕರು, ರುದ್ರಪ್ಪನೂ. ಒಳಗೆ ಹೋಗು ಎಂಬ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಆಮೇಲೆ ಹಳೆಯ ಫೋಟೊ ಹಿಡಿದು ಬಂದ ಹೆಂಗಸರು, "ಕೇಳಿ ಕೇಳಿ ಮಾಡ್ತಾಳಲ್ರೀ, ಆಕೀ ಕಡೆ ಕೊಡ್ರಿ," ಎನ್ನತೊಡಗಿದರು.

ಪ್ಲಾಸ್ಟರ್ ಬಿಚ್ಚಿದ ದಿನ ರುದ್ರಪ್ಪ ಬಾಲವಿಲ್ಲದ ಹೊಸ ಮೌಸ್ ತಂದ. "ನಿನಗೂ ಸಾಕಾಗೇತಿ. ಇನ್ನ ನಾ ನೋಡ್ಕೋತೀನಿ," ಎಂದ. ಪ್ರೀತಿಯಿಂದಲೇ ಹೇಳಿದ. ಅವಳು "ಹೂಂ" ಎಂದಳು. ಎಡಗಿವಿ ಮಂದವಾಗಿದ್ದ ನಾನು ನೆಗೆಟಿವ್‌ಗಳ ಖಾನೆ ಸೇರಿದೆ. ನನ್ನ ಕಾಲ ಮುಗಿಯಿತೆಂದುಕೊಂಡೆ.

ನಾಲ್ಕನೆಯ ದಿನ ಖಾನೆ ತೆರೆಯಿತು. ರುದ್ರಪ್ಪ ತೊಟ್ಟಿಲು ಕಾರ್ಯದ ಫೋಟೊ ತೆಗೆಯಲು ಹೋಗಿದ್ದ. ಹಿಂದಿನ ಕೋಣೆಯಲ್ಲಿ, ಕಟ್ಟಿನ ರಟ್ಟುಗಳ ಅಡಿಯಲ್ಲಿ ಹಳೆಯ ಕಂಪ್ಯೂಟರ್ ಇತ್ತು. ಶಿವಲೀಲಾ ರಟ್ಟು ಸರಿಸಿದಳು, ದೂಳು ಹೊಡೆದಳು, ನನ್ನ ಬಾಲ ಸಿಕ್ಕಿಸಿದಳು. ಹೊಟ್ಟೆಯ ದೀಪ ಹತ್ತಿತು. ಯಾರದೋ ತಾಯಿಯ ಮಾಸಿದ ಚಿತ್ರವೊಂದನ್ನು ತೆರೆದು ಪದರ ಹಾಸಿಕೊಂಡಳು. ನನ್ನ ಮಂದ ಕಿವಿಯನ್ನು ಎರಡೆರಡು ಸಲ ಒತ್ತಬೇಕಾಗುತ್ತಿತ್ತು. ಬೇಸರಿಸಿಕೊಳ್ಳದೆ ಒತ್ತಿದಳು.

ಹೊರಗೆ ಗಾಡಿ ನಿಂತ ಸದ್ದಾಯಿತು. ಅವಳ ಕೈ ನನ್ನನ್ನು ಪರದೆಯ ಮೂಲೆಯ ಮುಚ್ಚುವ ಗುರುತಿನ ತನಕ ಒಯ್ದಿತು. ಅಲ್ಲಿ ನಿಂತಿತು. ಬೆರಳು ಒತ್ತಲೆಂದು ನಾನು ಕಾದೆ. ಎಷ್ಟೋ ಕೈಗಳನ್ನು ಹೊತ್ತವನು ನಾನು, ಕೈಯೊಂದು ಅಳುಕುವುದೂ ಗಟ್ಟಿಯಾಗುವುದೂ ನನಗೆ ಗೊತ್ತಾಗುತ್ತದೆ. ಅದು ಗಟ್ಟಿಯಾಯಿತು. ನನ್ನನ್ನು ಮೆಲ್ಲಗೆ ಆ ತಾಯಿಯ ಮುಖದ ಮೇಲಕ್ಕೆ ವಾಪಸು ತಂದಿತು.

"ಏನ್ ಮಾಡಾಕತ್ತೀ ಒಳಗ?" ರುದ್ರಪ್ಪ ಕೂಗಿದ.

"ಬಂದೆ, ಚಾ ಇಡ್ತೀನಿ," ಎಂದು ಅವಳು ಎದ್ದು ಹೋದಳು. ಪರದೆ ಉರಿಯುತ್ತಲೇ ಇತ್ತು.